ಸ್ಟೂಲಿನ ಮೇಲೆ ಕೂರದ ದೊರೆ

ಊರಿಗೆ ಊರನ್ನೇ ಅಲ್ಲಾಡದ ಹಾಗೆ ಕೂರಿಸಿದ ಮನುಷ್ಯನಿಗೆ ಮೂರೂವರೆ ಕಿಲೋ ತೂಕದ ಒಂದು ಬೆಕ್ಕನ್ನು ಅರೆಗಳಿಗೆ ಸ್ಟೂಲಿನ ಮೇಲೆ ಕೂರಿಸಲಾಗಲಿಲ್ಲ ಅಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಆ ಮನುಷ್ಯನ ಮೂಗಿನ ಮೇಲೆ ಮೂರು ಗೆರೆಯ ಸಾಕ್ಷಿಯಿದೆ.

ಅವರ ನಿಜವಾದ ಹೆಸರು ಊರಲ್ಲಿ ಯಾರಿಗೂ ನೆನಪಿಲ್ಲ. ಮೂವತ್ತು ವರ್ಷದಿಂದ ಮನೆಯ ಮುಂಭಾಗದ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾದ ಹಿಂದೆ ನಿಂತು ಅವರು ಆಡಿದ್ದು ಒಂದೇ ಮಾತು: “ಅಲ್ಲಾಡ್ಬೇಡಿ!” ಹೀಗಾಗಿ ಅವರು ಅಲ್ಲಾಡಬೇಡಿಯವರು. ಅವರ ಹೆಂಡತಿಯನ್ನು ಅವರು ಕರೆಯುವುದು ‘ನಮ್ಮ ಮನೆಯವರು’ ಎಂದು. ಆದ್ದರಿಂದ ಊರಿಗೂ ಆಕೆ ಮನೆಯವರೇ. (ಆ ಮನೆಯಲ್ಲಿ ಅಲ್ಲಾಡದೆ ಕೂರುವವರು ಯಾರು, ದಿನವಿಡೀ ಅಲ್ಲಾಡುವವರು ಯಾರು ಅನ್ನುವುದು ಸಂಸಾರದ ಒಳಗುಟ್ಟು. ನಮಗೆ ಬೇಡ.)

ಅಲ್ಲಾಡಬೇಡಿಯವರದು ಗಿರಾಕಿಯನ್ನು ಕೇಳಿಕೊಳ್ಳುವ ಪದ್ಧತಿಯಲ್ಲ. ಎರಡು ಬೆರಳಲ್ಲಿ ಗದ್ದ ಹಿಡಿದು, ಬೀಗದ ಕೈ ತಿರುಗಿಸಿದ ಹಾಗೆ ಒಂದು ತಿರುವು ಕೊಡುವುದು. ಅಷ್ಟೇ. ಪೊಲೀಸ್ ಅಧಿಕಾರಿಗಳ ಗದ್ದ ತಿರುಗಿದೆ, ಕುಸ್ತಿ ಪೈಲ್ವಾನರ ಗದ್ದ ತಿರುಗಿದೆ. ಒಬ್ಬ ನ್ಯಾಯಾಧೀಶರು ತಿರುಗಿದ ಗದ್ದವನ್ನು ಮನೆಗೆ ಹೋಗುವವರೆಗೂ ಸರಿ ಮಾಡಿಕೊಳ್ಳಲು ಧೈರ್ಯ ಸಾಲದೆ ರಸ್ತೆಯ ಒಂದೇ ಬದಿ ನೋಡಿಕೊಂಡು ನಡೆದರಂತೆ.

ಸ್ಟುಡಿಯೋದಲ್ಲಿ ಇನ್ನೊಂದು ಪದ್ಧತಿಯಿತ್ತು. ಗಿರಾಕಿ ಒಳಗೆ ತಲೆ ಬಾಚಿಕೊಳ್ಳುತ್ತಿರುವಾಗ ಅಲ್ಲಾಡಬೇಡಿಯವರೇ ಸ್ಟೂಲಿನ ಮೇಲೆ ಕೂತು, “ಹ್ಞೂಂ, ಒತ್ತು” ಅನ್ನುವರು. ಮನೆಯವರು ಕ್ಯಾಮೆರಾದ ಗುಂಡಿ ಒತ್ತುವರು. ಬೆಳಕು ಸಾಲುತ್ತದೆಯೇ, ಮೂಗಿನ ನೆರಳು ಮೀಸೆಯಂತೆ ಬೀಳುತ್ತದೆಯೇ ಎಂದು ನೋಡಿ ಆ ಪಟವನ್ನು ಅಳಿಸಿಬಿಡುವರು. ಹೀಗೆ ಮನೆಯವರು ಡಿಜಿಟಲ್ ಕ್ಯಾಮೆರಾ ಬಂದಂದಿನಿಂದ ಗಂಡನ ಪಟ ದಿನಕ್ಕೆ ಹತ್ತರಂತೆ ತೆಗೆದಿದ್ದರು. ಒಂದೂ ಉಳಿದಿರಲಿಲ್ಲ. ಅದನ್ನು ಪಟ ತೆಗೆಯುವುದು ಎಂದು ಅಲ್ಲಾಡಬೇಡಿಯವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯವರ ಕೆಲಸ ಅಂದರೆ ಅವರ ಪ್ರಕಾರ ಹಿಂದಿನ ಕೋಣೆಯಲ್ಲಿ ಪಟಗಳ ಅಂಚು ಕತ್ತರಿಸುವುದು, ಬೊಕ್ಕತಲೆಗಳಿಗೆ ಒಂದಿಷ್ಟು ಕೂದಲು ದಯಪಾಲಿಸುವುದು, ಅರ್ಜಿ ತುಂಬುವುದು.

ಇಂಥ ಸಾಮ್ರಾಜ್ಯಕ್ಕೆ ಒಂದು ಮಧ್ಯಾಹ್ನ ಆ ಬೆಕ್ಕು ಬಂತು. ಕರೆದವರಿಲ್ಲ, ತಂದವರಿಲ್ಲ. ಬೂದು ಮೈ, ಬಿಳಿ ಎದೆ, ಒಂದು ಕಿವಿಯ ಅರ್ಧ ಯಾವುದೋ ಯುದ್ಧದಲ್ಲಿ ಹೋಗಿತ್ತು. ಮುಂಬಾಗಿಲಿಂದ ಬಂದು, ಗಾಜಿನ ಪೆಟ್ಟಿಗೆಯಲ್ಲಿದ್ದ ಮದುಮಕ್ಕಳ ಪಟಗಳನ್ನೆಲ್ಲ ಒಂದು ಸುತ್ತು ನೋಡಿ, ಎಲ್ಲವೂ ಅಷ್ಟಕ್ಕಷ್ಟೇ ಅನ್ನುವಂತೆ ಮುಖ ಮಾಡಿ, ಗಿರಾಕಿಗಳ ಸೋಫಾದ ಮೇಲೆ ಮಲಗಿತು. ಮಾರನೆಯ ದಿನದಿಂದ ಅದು ಆ ಮನೆಯದು. ಅಲ್ಲ, ತಪ್ಪಾಯಿತು. ಆ ಮನೆ ಅದರದು.

“ಏನು ಠೀವಿ ಇವನದು! ದೊರೆ ಬಂದ ಹಾಗಿದೆ,” ಅಂದರು ಮನೆಯವರು. ಹೆಸರು ಹಾಗೇ ನಿಂತಿತು. ಆ ಹೆಸರು ಹಿಡಿದು ಕರೆದರೆ ಅವನು ಬರುತ್ತಿದ್ದನೆಂದಲ್ಲ. ಕರೆದಾಗ ಉಳಿದ ಅರ್ಧ ಕಿವಿಯನ್ನು ಈ ಕಡೆ ತಿರುಗಿಸುವನು. ಅರ್ಜಿ ತಲುಪಿದೆ, ಪರಿಶೀಲಿಸಲಾಗುವುದು, ಎಂದರ್ಥ.

ಇಷ್ಟಕ್ಕೇ ನಿಂತಿದ್ದರೆ ಮೂರು ಜೀವವೂ ಸುಖವಾಗಿರುತ್ತಿದ್ದವು. ಆದರೆ ಊರಿನ ಛಾಯಾಗ್ರಾಹಕರ ಸಂಘದ ವಾರ್ಷಿಕ ಸ್ಪರ್ಧೆ ಬಂತು.

ಈ ಸ್ಪರ್ಧೆ ಅಲ್ಲಾಡಬೇಡಿಯವರ ಎದೆಯೊಳಗಿನ ಮುಳ್ಳು. ಹನ್ನೊಂದು ವರ್ಷ ಹನ್ನೊಂದು ಸಲ ಅವರಿಗೆ ಬಂದದ್ದು ಎರಡನೇ ಬಹುಮಾನ. ಎರಡನೇ ಬಹುಮಾನ ಅಂದರೆ ಒಂದು ಗೋಡೆ ಗಡಿಯಾರ. ನಡುಮನೆಯಲ್ಲಿ ನಾಲ್ಕು, ಅಡುಗೆಮನೆಯಲ್ಲಿ ಎರಡು, ಮಿಕ್ಕವು ಜಾಗ ಸಿಕ್ಕಲ್ಲಿ. ಒಂದೊಂದು ಒಂದೊಂದು ಹೊತ್ತು ತೋರಿಸುವುದರಿಂದ ಆ ಮನೆಯಲ್ಲಿ ತಡವಾಯಿತೆಂದು ಯಾರನ್ನೂ ಬಯ್ಯುವಂತಿರಲಿಲ್ಲ. ಹೋದ ವರ್ಷ ಮೊದಲನೇ ಬಹುಮಾನದ ಬೆಳ್ಳಿ ತಟ್ಟೆ ಹೊಡೆದವನು ಎದುರು ಸಾಲಿನ ಸ್ಟುಡಿಯೋದವನು. ಗಿರಾಕಿಗಳಿಗೆಲ್ಲ “ನಗಿ, ನಗಿ” ಅನ್ನುತ್ತಾನೆಂದು ಅವನಿಗೆ ನಗಿನಗಿ ಎಂದೇ ಹೆಸರು. ಅವನು ಬಹುಮಾನ ಹೊಡೆದದ್ದಾದರೂ ಯಾತರಿಂದ? ತನ್ನ ನಾಯಿಗೆ ಕನ್ನಡಕ ಹಾಕಿ, ಮುಂದೆ ಪೇಪರು ಹಿಡಿಸಿ ತೆಗೆದ ಪಟದಿಂದ!

ಈ ವರ್ಷದ ವಿಷಯ ‘ಗಾಂಭೀರ್ಯ’ ಎಂದು ಸಂಘದಿಂದ ಕಾಗದ ಬಂದ ದಿನ ಅಲ್ಲಾಡಬೇಡಿಯವರು ಕಾಫಿ ಲೋಟವನ್ನು ಟಕ್ಕನೆ ಕೆಳಗಿಟ್ಟರು.

“ಸಿಕ್ತು ಕಣೇ! ಈ ಸಲ ದೊರೆ!”

“ದೊರೆ ಏನು?”

“ದೊರೆ ಪಟ. ಸ್ಟೂಲಿನ ಮೇಲೆ, ಹಿಂದೆ ಕಪ್ಪು ಪರದೆ, ಎಡಗಡೆಯಿಂದ ಒಂದೇ ದೀಪ. ಆ ಎದೆ, ಆ ಕತ್ತು! ನಾಯಿಗೆ ಕನ್ನಡಕ ಹಾಕೋ ಪೆದ್ದನಿಗೆ ಗಾಂಭೀರ್ಯ ಅಂದ್ರೇನು ಅಂತ ತೋರಿಸ್ತೀನಿ.”

“ಬೆಕ್ಕಿಗೆ ಹೇಳಿದ್ರಾ?” ಅಂದರು ಮನೆಯವರು, ಪಟಗಳ ಅಂಚು ಕತ್ತರಿಸುತ್ತಲೇ.

“ಬೆಕ್ಕಿಗೆ ಏನೇ ಹೇಳೋದು? ಕೂರಿಸೋದು, ತೆಗೆಯೋದು.”

“ಹಾಗಾದ್ರೆ ಸರಿ. ಟಿಂಚರ್ ಬಾಟ್ಲಿ ಮೇಲಿನ ಅಲಮಾರಿನಲ್ಲಿದೆ.”

“ಅಪಶಕುನ ನುಡೀಬೇಡ! ನೋಡು, ಈ ಸಲವೂ ಮೊದಲನೇದು ಬರ್ಲಿಲ್ಲ ಅಂದ್ರೆ ನಾನು ಇನ್ನು ಆ ಸ್ಪರ್ಧೆ ಕಡೆ ತಲೆ ಹಾಕೋದಿಲ್ಲ. ಇದು ಕೊನೇ ಮಾತು.” ಹೇಳುತ್ತ ಅವರು ಅರ್ಧ ಕುಡಿದ ಕಾಫಿಯನ್ನು ಪಕ್ಕಕ್ಕೆ ಸರಿಸಿದರು. ಮನೆಯವರು ಕತ್ತರಿ ನಿಲ್ಲಿಸಿ ಗಂಡನ ಮುಖ ನೋಡಿದರು. ತಮಾಷೆಯಲ್ಲ ಎಂದು ಅವರಿಗೆ ಗೊತ್ತಾಯಿತು.

ಪಟ ಕಳಿಸಲು ಹತ್ತು ದಿನ ಸಮಯವಿತ್ತು.

ಮೊದಲನೆಯ ದಿನ ಲಂಚ. ಸ್ಟೂಲಿನ ಮೇಲೆ ತಟ್ಟೆಯಲ್ಲಿ ಮೀನಿಟ್ಟರು. ದೊರೆ ಬಂದ, ಹಾರಿದ, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತು ಮೀನು ತಿಂದ, ಇಳಿದು ಹೋದ. ಪಟದಲ್ಲಿ ಸಿಕ್ಕಿದ್ದು ಒಂದು ಬಾಲ. ಅದರಲ್ಲೂ ಗಾಂಭೀರ್ಯವೇನೋ ಇತ್ತು; ಆದರೆ ತೀರ್ಪುಗಾರರಿಗೆ ಕಳಿಸುವಂಥದ್ದಲ್ಲ.

ಎರಡನೆಯ ದಿನ ಹೆಚ್ಚು ಮೀನು. ಹೆಚ್ಚು ಬಾಲ.

ಮೂರನೆಯ ದಿನ ಅಲ್ಲಾಡಬೇಡಿಯವರ ತಾಳ್ಮೆ ತೀರಿತು. ದೊರೆಯನ್ನು ಎತ್ತಿ ತಂದು ಸ್ಟೂಲಿನ ಮೇಲಿಟ್ಟರು. ಆಶ್ಚರ್ಯವೆಂದರೆ ಅವನು ಕೂತ. ಮುಖ ಮಾತ್ರ ಕಿಟಕಿಯ ಕಡೆಗಿತ್ತು. ಮೂವತ್ತು ವರ್ಷದ ಅಭ್ಯಾಸ ನೋಡಿ, ಕೈ ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಅಲ್ಲಾಡಬೇಡಿಯವರ ಎರಡು ಬೆರಳು ತಾವಾಗಿಯೇ ಮುಂದೆ ಹೋದವು, ದೊರೆಯ ಗದ್ದ ಹಿಡಿದವು, ಬೀಗದ ಕೈಯಂತೆ ತಿರುಗಿಸಿದವು.

“ಅಲ್ಲಾಡ್ಬೇ—”

ಮುಂದಿನ ಅಕ್ಷರ ಬರಲಿಲ್ಲ. ಬಂದದ್ದು “ಅಯ್ಯಯ್ಯಪ್ಪೋ!”

ಹಿಂದಿನ ಕೋಣೆಯಿಂದ ಮನೆಯವರು ಟಿಂಚರ್ ಹಿಡಿದುಕೊಂಡೇ ಬಂದರು. ಹತ್ತಿ ಅದ್ದಿ ಗಂಡನ ಮೂಗಿಗೆ ಒತ್ತುತ್ತಾ, “ಅಲ್ಲಾಡ್ಬೇಡಿ,” ಅಂದರು. (ಆ ಮಾತನ್ನು ಅವರು ಸಹಜವಾಗಿಯೇ ಅಂದದ್ದು. ತುಟಿಯಂಚಿನ ನಗು ಮಾತ್ರ ಸಹಜವಾಗಿರಲಿಲ್ಲ.)

“ಗದ್ದ ಹಿಡಿದೆ ಅಷ್ಟೇ ಕಣೇ! ಜಡ್ಜ್ ಸಾಹೇಬ್ರೇ ಸುಮ್ಮನಿದ್ರು!”

“ಜಡ್ಜ್ ಸಾಹೇಬ್ರಿಗೆ ನಿಮ್ಮ ಭಯ ಇತ್ತು ರೀ. ಇವನಿಗ್ಯಾಕಿರುತ್ತೆ? ಇವನೇನು ಪಟ ಬೇಕು ಅಂತ ನಿಮ್ಮ ಹತ್ರ ಬಂದಿದ್ನಾ?”

ಅಲ್ಲಾಡಬೇಡಿಯವರು ಹತ್ತಿಯನ್ನು ಕಿತ್ತುಕೊಂಡು ತಾವೇ ಮೂಗಿಗೆ ಒತ್ತಿಕೊಂಡರು. ಟಿಂಚರ್ ಉರಿಯುತ್ತಿತ್ತು. ಮೂಗಿನ ಮೇಲೆ ಕೋಪ ಅನ್ನುವುದು ಅವರ ವಿಷಯದಲ್ಲಿ ಈಗ ಅಕ್ಷರಶಃ ನಿಜವಾಗಿತ್ತು, ಅದರ ಮೇಲೆ ಒಂದು ಅಡ್ಡ ಪಟ್ಟಿಯೂ ಇತ್ತು.

ನಾಲ್ಕನೆಯ ದಿನ ಹೊಸ ಉಪಾಯ. ದೊರೆಯ ಪಟಕ್ಕೆ ಅರಮನೆಯೇ ಬೇಕೆಂದು, ಅಟ್ಟದಿಂದ ಹಳೆಯ ಬಣ್ಣದ ಪರದೆ ಇಳಿಸಿದರು. ಅದರಲ್ಲಿ ಕಂಬ, ಮೆಟ್ಟಿಲು, ದೂರದಲ್ಲೊಂದು ಜಲಪಾತ. ದೊರೆ ಪರದೆಯನ್ನು ಮೆಚ್ಚಿದ. ಎಷ್ಟು ಮೆಚ್ಚಿದನೆಂದರೆ ನಾಲ್ಕೂ ಪಂಜ ಊರಿ ಜಲಪಾತವನ್ನು ಬುಡದಿಂದ ತುದಿಯವರೆಗೆ ಹತ್ತಿದ. ತುದಿಯಲ್ಲಿ ಕೂತು ಕೆಳಗೆ ಒಂದು ಸಲ ನೋಡಿದ. ಆಮೇಲೆ ಜಲಪಾತ, ಅರಮನೆ, ಪರದೆ ತೂಗುಹಾಕಿದ್ದ ಕಂಬಿ, ದೊರೆ, ಎಲ್ಲವೂ ಒಟ್ಟಿಗೆ ಅಲ್ಲಾಡಬೇಡಿಯವರ ತಲೆಯ ಮೇಲೆ ಬಂದವು. ಅವರು ಪರದೆಯೊಳಗಿಂದ ಈಚೆ ಬರುವಷ್ಟರಲ್ಲಿ ದೊರೆ ಸೋಫಾದ ಮೇಲೆ ನಿದ್ದೆ ಹೋಗಿದ್ದ. ಇಷ್ಟು ಗಲಾಟೆ ಮಾಡುವ ಜನರ ಜೊತೆ ಹೇಗೆ ಬಾಳುವುದೋ ಅನ್ನುವ ದಣಿವು ಅವನ ಮುಖದಲ್ಲಿತ್ತು.

“ಅವನಿಗೆ ಗೊತ್ತಾಗದ ಹಾಗೆ ತೆಗೀತೀನಿ,” ಎಂದು ಐದನೆಯ ದಿನ ಅಲ್ಲಾಡಬೇಡಿಯವರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟರು. ದೊರೆಯ ಹಿಂದೆ ಹಿತ್ತಿಲು ದಾಟಿದರು, ನೀರಿನ ತೊಟ್ಟಿ ದಾಟಿದರು. ದೊರೆ ಪಕ್ಕದ ಮನೆಯ ಕಾಂಪೌಂಡು ಗೋಡೆಗೆ ಹಾರಿದ. ಐವತ್ತೆಂಟು ವರ್ಷದ ಹೊಟ್ಟೆಯನ್ನು ಹೊತ್ತು ಅಲ್ಲಾಡಬೇಡಿಯವರೂ ಹತ್ತಿದರು. ಹತ್ತಿದ್ದೇನೋ ಹತ್ತಿದರು, ಇಳಿಯುವುದು ಹೇಗೆಂದು ತಿಳಿಯಲಿಲ್ಲ. ಗೋಡೆಯ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು. ಕೆಳಗೆ ಪಕ್ಕದ ಮನೆಯ ಎರಡು ನಾಯಿ.

ನಾಯಿಗಳು ಗಂಟಲು ಹರಿಯುವಂತೆ ಬೊಗಳಿದವು. ಅಲ್ಲಾಡಬೇಡಿಯವರು ಗೋಡೆಯನ್ನು ತಬ್ಬಿಕೊಂಡರು. ಎರಡು ಮೊಳ ದೂರದಲ್ಲಿ ಅದೇ ಗೋಡೆಯ ಮೇಲೆ ಕೂತ ದೊರೆ ಮಾತ್ರ ಒಂದು ಕಾಲನ್ನು ಆಕಾಶಕ್ಕೆತ್ತಿ ನೆಕ್ಕಿಕೊಳ್ಳಲು ಶುರುಮಾಡಿದ. ಮೊದಲು ಬೆರಳುಗಳ ಸಂದು, ಆಮೇಲೆ ಹಿಮ್ಮಡಿ. ಕೆಳಗೆ ಎರಡು ಸಾವು ಕುಣಿಯುತ್ತಿವೆ, ಇವನಿಗೆ ಹಿಮ್ಮಡಿಯ ಶುಚಿ!

ಕ್ಯಾಮೆರಾ ಎತ್ತುವಂತಿರಲಿಲ್ಲ, ಕೈ ಬಿಟ್ಟರೆ ನಾಯಿಗಳ ಪಾಲು. ಹೀಗಾಗಿ ಅಲ್ಲಾಡಬೇಡಿಯವರು ಜೀವನದಲ್ಲಿ ಮೊದಲ ಸಲ ಏನನ್ನೂ ಸರಿಪಡಿಸಲು ಹೋಗದೆ ಒಂದು ಮುಖವನ್ನು ಸುಮ್ಮನೆ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಹೊಟ್ಟೆಕಿಚ್ಚಾಯಿತು. ಎಂಥ ಪ್ರಾಣಿಯಪ್ಪ ಇದು! ಯಾರಿಗೂ ಸಲಾಮು ಹೊಡೆಯುವುದಿಲ್ಲ, ಯಾರ ಮುಂದೆಯೂ ಬಾಲ ಆಡಿಸುವುದಿಲ್ಲ. ತಿಂದ ಮನೆಗೆ ಥ್ಯಾಂಕ್ಸ್ ಹೇಳುವುದಿಲ್ಲ. ಆದರೂ ಸಂಜೆಯಾಗಿ ಇವನು ಕಾಣದಿದ್ದರೆ ಮನೆಯವರು ನಾಲ್ಕು ಸಲ ಬಾಗಿಲಿಗೆ ಹೋಗಿ ನೋಡುತ್ತಾರೆ. ಹೇಳಿಕೊಳ್ಳಬಾರದು, ನಾನೂ ಎರಡು ಸಲ ಹೋಗುತ್ತೇನೆ. ಗಿರಾಕಿ ಬಾಗಿಲಲ್ಲಿ ಕಂಡರೆ ‘ಬನ್ನಿ ಬನ್ನಿ’ ಎಂದು ಎದ್ದು ನಿಂತು, ಸಂಘದ ಅಧ್ಯಕ್ಷರು ಎದುರಾದರೆ ಹಲ್ಲು ಕಿರಿದು ತಾವು ಕಳೆದ ಮೂವತ್ತು ವರ್ಷ ನೆನಪಾಗಿ ಅವರಿಗೆ ನಾಚಿಕೆಯಾಯಿತು. ದೊರೆ ಅಂದರೆ ನಿಜಕ್ಕೂ ದೊರೆಯೇ.

ಮನೆಯವರು ಏಣಿ ತಂದು ಅವರನ್ನು ಇಳಿಸಿದರು. ದೊರೆ ತಾನೇ ಇಳಿದ.

“ಸಿಕ್ತಾ?” ಅಂದರು ಮನೆಯವರು.

“ಇಲ್ಲ ಕಣೇ. ಆದ್ರೆ ಏನು ಮನುಷ್ಯ ಅವನು!”

“ಬೆಕ್ಕು ರೀ ಅವನು.”

“ಅದೇ ಹೇಳ್ದೆ.”

ಆಮೇಲಿನ ನಾಲ್ಕು ದಿನ ಅಲ್ಲಾಡಬೇಡಿಯವರು ಪ್ರಯತ್ನವನ್ನೇ ಬಿಟ್ಟರು. ದೊರೆ ಎದುರಾದರೆ ತಾವೇ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದರು. ಎದುರಿನ ನಗಿನಗಿ ತನ್ನ ನಾಯಿಗೆ ಕಪ್ಪು ಕೋಟು ಹೊಲಿಸಿದ್ದಾನೆಂದು ಸುದ್ದಿ ಬಂದಾಗಲೂ, “ಹೊಲಿಸ್ಲಿ ಬಿಡು” ಅಂದರು. ಆದರೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಅದನ್ನು ಮನೆಯವರು ಗಮನಿಸಿದ್ದರು.

ಹತ್ತನೆಯ ದಿನ ಬೆಳಿಗ್ಗೆ ಪಟ ತೆಗೆಸಲು ಒಬ್ಬ ಡಾಕ್ಟರು ಬಂದು ಒಳಗೆ ಟೈ ಕಟ್ಟಿಕೊಳ್ಳುತ್ತಿದ್ದರು. ಎಂದಿನಂತೆ ಕಪ್ಪು ಪರದೆ, ಎಡಗಡೆಯ ದೀಪ. ಎಂದಿನಂತೆ ಬೆಳಕು ನೋಡಲು ಅಲ್ಲಾಡಬೇಡಿಯವರು ಸ್ಟೂಲಿನ ಮೇಲೆ ಕೂತರು. ಸೋತ ಮನುಷ್ಯನ ಹಾಗೆ ಕೈಗಳನ್ನು ತೊಡೆಯ ಮೇಲೆ ಬಿಟ್ಟು, “ಹ್ಞೂಂ, ಒ...” ಅನ್ನುವಷ್ಟರಲ್ಲಿ ಮಾತು ನಿಂತಿತು.

ಸೋಫಾದಿಂದ ದೊರೆ ಇಳಿದಿದ್ದ. ಮೈ ಮುರಿದ. ಯಾವ ಅವಸರವೂ ಇಲ್ಲದೆ ನಡೆದು ಬಂದ. ಸ್ಟೂಲಿನ ಕೆಳಗೆ ನಿಂತು ಒಂದು ಸಲ ಮೇಲೆ ನೋಡಿ, ಚಂಗನೆ ಹಾರಿ ಅಲ್ಲಾಡಬೇಡಿಯವರ ಮಡಿಲಿಗೆ ಬಂದ. ಒಂದು ಸುತ್ತು ತಿರುಗಿ, ಮುಂಗಾಲು ಜೋಡಿಸಿ, ಬಿಳಿ ಎದೆ ಮುಂದೆ ಮಾಡಿ, ಕತ್ತು ನೆಟ್ಟಗಿಟ್ಟು ಕ್ಯಾಮೆರಾದೊಳಗೇ ನೋಡಿದ.

“ಒತ್ತೇ! ಒತ್ತು!” ಅಲ್ಲಾಡಬೇಡಿಯವರು ತುಟಿ ಅಲ್ಲಾಡಿಸದೆ ಹೇಳಿದರು. ಮನೆಯವರು ಕ್ಯಾಮೆರಾವನ್ನು ಒಂದು ಬೆರಳಷ್ಟು ಕೆಳಕ್ಕೆ ಬಗ್ಗಿಸಿದರು. ದೀಪದ ಮುಖವನ್ನು ಒಂದಿಷ್ಟು ಈ ಕಡೆ ತಿರುಗಿಸಿದರು. ಆಮೇಲೆ ಕಾದರು.

“ಇನ್ನೇನು ಕಾಯ್ತಿದೀಯೇ?”

“ಸುಮ್ನಿರಿ.”

ಒತ್ತಿದರು. ಒಂದೇ ಸಲ.

ದೊರೆ ಅಲ್ಲಿಂದ ಏಳಲಿಲ್ಲ. ಮಡಿಲಲ್ಲೇ ಉಂಡೆಯಾಗಿ ಗುರ್ ಎಂದು ಶುರುಮಾಡಿದ. ಡಾಕ್ಟರು ಟೈ ಕಟ್ಟಿಕೊಂಡು ಬಂದು ಮುಕ್ಕಾಲು ಗಂಟೆ ಕಾದರು. ಅಲ್ಲಾಡಬೇಡಿಯವರ ಎಡಗಾಲು ಮರಗಟ್ಟಿತು, ಬೆನ್ನು ತುರಿಸಿತು, ನೊಣವೊಂದು ಬೋಳುತಲೆಯ ಮೇಲೆ ವಾಯುವಿಹಾರ ಮಾಡಿತು. ಅವರು ಅಲ್ಲಾಡಲಿಲ್ಲ.

ದೊರೆ ಎದ್ದುಹೋದ ಮೇಲೆ ಅವರು ಕುಂಟುತ್ತ ಬಂದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಬೆಕ್ಕನ್ನು ನೋಡಿದರು. ಬೆಕ್ಕನ್ನು ಮಾತ್ರ. ಕಣ್ಣಲ್ಲಿ ನೀರು ಬಂತು.

“ಗೆದ್ದೆ ಕಣೇ! ನಾನು ಗೆದ್ದೆ! ನೋಡು, ನನ್ನನ್ನ ಪೂರ್ತಿ ಕತ್ತರಿಸಿ ಹಾಕು, ದೊರೆ ಒಬ್ಬನೇ ಇರ್ಲಿ. ಅರ್ಜಿ ತುಂಬಿ ಇವತ್ತೇ ಕಳಿಸ್ಬಿಡು.”

“ಹ್ಞೂಂ,” ಅಂದರು ಮನೆಯವರು. ಮೂವತ್ತು ವರ್ಷದಲ್ಲಿ ಆಕೆಯ ‘ಹ್ಞೂಂ’ಗೆ ಎಷ್ಟು ಅರ್ಥವಿದೆಯೆಂದು ಅಲ್ಲಾಡಬೇಡಿಯವರು ಎಣಿಸಿ ನೋಡಿದವರಲ್ಲ.

ಬಹುಮಾನ ಹಂಚುವ ದಿನ ಅವರು ಕೋಟು ಇಸ್ತ್ರಿ ಮಾಡಿಸಿದರು. ಕನ್ನಡಿಯ ಮುಂದೆ ನಿಂತು ಭಾಷಣ ಕಂಠಪಾಠ ಮಾಡಿದರು: “ಗಾಂಭೀರ್ಯವೆಂಬುದು ಹೊರಗಿನಿಂದ ತರುವ ವಸ್ತುವಲ್ಲ...” ಸಭಾಂಗಣದಲ್ಲಿ ಮೊದಲನೇ ಸಾಲಿನಲ್ಲೇ ಕೂತರು. ಪಟಗಳಿಗೆಲ್ಲ ಬಿಳಿ ಬಟ್ಟೆ ಮುಚ್ಚಿದ್ದರು. ಎರಡನೇ ಬಹುಮಾನದ ಗಡಿಯಾರ ಕೋಟು ತೊಟ್ಟ ನಾಯಿಗೆ, ಅಂದರೆ ನಗಿನಗಿಗೆ ಹೋಯಿತು. ಅಲ್ಲಾಡಬೇಡಿಯವರು ತುಂಬು ಹೃದಯದಿಂದ ಅವನ ಕೈ ಕುಲುಕಿ, “ಪರವಾಗಿಲ್ಲಪ್ಪ, ಅಭ್ಯಾಸ ಆಗುತ್ತೆ,” ಅಂದರು.

“ಮೊದಲನೇ ಬಹುಮಾನ,” ಎಂದು ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ಚಿತ್ರದ ಹೆಸರು, ದೊರೆ.”

ಅಲ್ಲಾಡಬೇಡಿಯವರು ಎದ್ದುಬಿಟ್ಟರು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ವೇದಿಕೆಯ ಅರ್ಧ ದಾರಿಗೆ ಹೋಗಿದ್ದರು. ಆಗ ಯಾರೋ ಬಟ್ಟೆ ಸರಿಸಿದರು.

ದೊರೆ ಇದ್ದ, ಎದೆ, ಕತ್ತು, ಅರ್ಧ ಕಿವಿ, ಸಾಕ್ಷಾತ್ ಸಿಂಹಾಸನದ ಮೇಲೆ ಕೂತವನಂತೆ. ಮತ್ತು ಆ ಸಿಂಹಾಸನ ಪೂರ್ತಿಯಾಗಿಯೇ ಇತ್ತು. ಮೂಗಿನ ಮೇಲೆ ಅಡ್ಡ ಪಟ್ಟಿ, ಒತ್ತಿ ಹಿಡಿದ ತುಟಿ, ಬೆವರಿದ ಬೋಳುತಲೆ. ಎರಡು ಕಣ್ಣೂ ಕೆಳಗೆ ಬಾಗಿ ಬೆಕ್ಕನ್ನು ನೋಡುತ್ತಿವೆ, ಬೆಕ್ಕು ಮಾತ್ರ ಲೋಕವನ್ನು ನೋಡುತ್ತಿದೆ.

“ಛಾಯಾಗ್ರಹಣ,” ಎಂದು ಅಧ್ಯಕ್ಷರು ಮುಂದುವರಿಸಿ ಓದಿದ ಹೆಸರು ಮನೆಯವರದು.

ಅಲ್ಲಾಡಬೇಡಿಯವರು ನಡುದಾರಿಯಲ್ಲಿ ಕಂಬವಾದರು. ಹಿಂದಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಮನೆಯವರು ಬಂದು ಪಕ್ಕದಲ್ಲಿ ನಿಂತರು.

“ಏನೇ ಇದು? ಅದು ನನ್ನ ಪಟ!”

“ನಿಮ್ಮ ಪಟಾನೇ ರೀ. ಆದ್ರೆ ಒತ್ತಿದ್ದು ಯಾರು?”

ಅಲ್ಲಾಡಬೇಡಿಯವರು ಪಟದ ಕಡೆ ಬೆರಳು ತೋರಿಸಿದರು. “ಕತ್ತರಿಸು ಅಂತ ಹೇಳಿದ್ನಲ್ಲೇ!”

“ಕತ್ತರಿ ತಗೊಂಡೆ. ದಿನಕ್ಕೆ ಹತ್ತು ಸಲ ನಿಮ್ಮನ್ನ ಈ ಕ್ಯಾಮೆರಾದಲ್ಲಿ ನೋಡ್ತೀನಿ, ಇಷ್ಟು ಚೆಂದ ಯಾವತ್ತೂ ಕಂಡಿರ್ಲಿಲ್ಲ ನೀವು. ಮನಸ್ಸು ಬರ್ಲಿಲ್ಲ.” ಅಷ್ಟು ಹೇಳಿ ಮನೆಯವರು ಬೆಳ್ಳಿ ತಟ್ಟೆ ತೆಗೆದುಕೊಳ್ಳಲು ಮೆಟ್ಟಿಲು ಹತ್ತಿದರು.

ಅಧ್ಯಕ್ಷರಿಗೆ ಅರ್ಜಿಯನ್ನು ಪೂರ್ತಿ ಓದುವ ಚಟ. “ತೀರ್ಪುಗಾರರು ಈ ಅರ್ಜಿಯನ್ನೂ ಬಹಳ ಮೆಚ್ಚಿಕೊಂಡಿದ್ದಾರೆ,” ಎಂದು ಕಾಗದ ಬೆಳಕಿಗೆ ಹಿಡಿದರು. “ಬೆಳಕು: ಎಡಗಡೆಯಿಂದ, ಒಂದೇ ದೀಪ. ಚಿತ್ರದ ವಸ್ತು: ಬೆಕ್ಕು, ತಾನಾಗಿಯೇ ಬಂದದ್ದು. ಹಿನ್ನೆಲೆ...” ಇಲ್ಲಿ ಅವರು ನಿಂತು, ಕೆಮ್ಮಿ, ನಡುದಾರಿಯಲ್ಲಿದ್ದ ಮನುಷ್ಯನನ್ನು ಒಮ್ಮೆ ನೋಡಿ ಓದಿದರು: “ಹಿನ್ನೆಲೆ: ನಮ್ಮ ಯಜಮಾನರು.”

ಸಭೆಗೆ ಸಭೆಯೇ ಉಸಿರು ಹಿಡಿದುಕೊಂಡಿತು. ನಗಬೇಕೋ ಬೇಡವೋ ಎಂದು ನಗಿನಗಿಗೂ ತಿಳಿಯಲಿಲ್ಲ. ಅಲ್ಲಾಡಬೇಡಿಯವರು ಪಟದಲ್ಲಿದ್ದ ಬೆಕ್ಕನ್ನು ನೋಡಿದರು, ಮೆಟ್ಟಿಲ ಮೇಲೆ ನೆಟ್ಟಗೆ ನಿಂತಿದ್ದ ಹೆಂಡತಿಯನ್ನು ನೋಡಿದರು. ಇಬ್ಬರೂ ಒಂದೇ ಠೀವಿಯಲ್ಲಿ ಸಭೆಯನ್ನು ನೋಡುತ್ತಿದ್ದರು. ಆಗ ಆ ನಿಶ್ಶಬ್ದದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಹಿನ್ನೆಲೆಯೇ.